ಕುಶನ್ ಅಂಗಡಿಯ ಪೇಷಂಟ್

ಅವನ ಕಸುಬು ಸೀಟು ಹೊಲಿಯುವುದು. ಬಸ್ಸಿನದು, ಕಾರಿನದು, ಬೈಕಿನದು, ಯಾರ ಸೊಂಟಕ್ಕೆ ಯಾವ ಸ್ಪಂಜು ಹಿತ ಎಂದು ನಿಂತ ನಿಲುವಿನಲ್ಲೇ ಹೇಳಿಬಿಡುತ್ತಾನೆ. ಅಂಗಡಿಯ ಬೋರ್ಡಿನಲ್ಲಿ ಏನೋ ಹೆಸರಿದೆ, ಓದುವವರಿಲ್ಲ. ಊರಾಚೆಯ ರೇಸ್ ಟ್ರ್ಯಾಕಿನಲ್ಲಂತೂ ಎಲ್ಲರ ಬಾಯಲ್ಲೂ ಅವನು ಪೇಷಂಟ್. ಗೇಟಿನ ಕಾವಲುಗಾರ ಕೂಡ "ಬನ್ನಿ ಪೇಷಂಟೇ, ಆರಾಮಾ?" ಎಂದೇ ಒಳಗೆ ಬಿಡುವುದು. ಹೆಂಡತಿಗೆ ಮೊದಮೊದಲು ಇದು ಸುತರಾಂ ಹಿಡಿಸಿರಲಿಲ್ಲ. ಕಲ್ಲುಗುಂಡಿನ ಹಾಗಿರುವ ಗಂಡನನ್ನು ಕಂಡಕಂಡವರೆಲ್ಲ ಹೀಗೆ ಕರೆದರೆ ಯಾವ ಹೆಂಡತಿಗೆ ತಾನೇ ಹಿಡಿಸುತ್ತದೆ?

ಆ ಹೆಸರು ಬಂದದ್ದಕ್ಕೆ ಒಂದು ನೋವಿನ ಕಾರಣವಿದೆ, ಅದನ್ನು ಹೇಳಿಯೇ ಮುಂದೆ ಹೋಗಬೇಕು. ಬಹಳ ವರ್ಷದ ಹಿಂದೆ ಆ ಟ್ರ್ಯಾಕಿನಲ್ಲಿ ಒಂದು ಕಾರು ಗೋಡೆಗೆ ಬಡಿಯಿತು. ಓಡಿಸುತ್ತಿದ್ದವನು ನಗುಮುಖದ ಹುಡುಗ. ಹಿಂದಿನ ದಿನವಷ್ಟೇ ಇವನ ಅಂಗಡಿಗೆ ಬಂದು ಸೀಟಿಗೆ ಸ್ಪಂಜು ಹಾಕಿಸಿಕೊಂಡು, ಟೀ ಕುಡಿದು ಹೋಗಿದ್ದ. ಸುತ್ತಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ಓಡಿಬಂದರು, ತೋಳು ಹಿಡಿದು ಮೂಟೆಯ ಹಾಗೆ ಎಳೆದು ಹಾಕಿದರು. ಹುಡುಗ ಉಳಿಯಲಿಲ್ಲ. ಗೋಡೆ ಮಾಡಿದ್ದಕ್ಕಿಂತ ಹೆಚ್ಚಿನ ಕೇಡು ಆ ಎಳೆದಾಟದಲ್ಲಿ ಅವನ ಕತ್ತಿಗಾಯಿತು ಎಂದು ಆಮೇಲೆ ಡಾಕ್ಟರು ಹೇಳಿದರು.

ಅದಾದ ಮೇಲೆಯೇ ಟ್ರ್ಯಾಕಿನವರಿಗೆ ಬುದ್ಧಿ ಬಂದು, ಗಾಯಾಳುವನ್ನು ಕಾರಿನಿಂದ ಜೋಪಾನವಾಗಿ ಹೊರತೆಗೆಯುವ ಒಂದು ತಂಡ ಕಟ್ಟಿದರು. ಅಭ್ಯಾಸಕ್ಕೆ ಕಾರಿನಲ್ಲಿ ಯಾರಾದರೂ ಕೂರಬೇಕಲ್ಲ? ಅಪಶಕುನ ಅಂತ ಒಬ್ಬರೂ ಮುಂದೆ ಬರಲಿಲ್ಲ. ಇವನು ಬಂದ. ಸೀಟು ತಾನೇ ಹೊಲಿದದ್ದು, ಕೂರಲು ತನಗೇನು ಭಯ ಎಂದ. ಆ ನಗುಮುಖ ಕಣ್ಣಿನಿಂದ ಹೋಗುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕೂತದ್ದೇ ತಡ, ಅವನೊಳಗಿದ್ದ ನಟ ಎದ್ದು ಕೂತ. ನರಳುವುದೇನು, ಕಣ್ಣು ಮೇಲೆ ಮಾಡುವುದೇನು, ನಾನೆಲ್ಲಿದ್ದೀನಿ ಎಂದು ತೊದಲುವುದೇನು! ಹೊಸದಾಗಿ ತಂಡ ಸೇರಿದವನೊಬ್ಬ ನಿಜವೆಂದೇ ತಿಳಿದು ಅತ್ತುಬಿಟ್ಟಿದ್ದ. ಮುಂದೆ ಇವನ ಮಗಳು ಆಸ್ಪತ್ರೆಯಲ್ಲಿ ನರ್ಸ್ ಆಗಿ, ಅದೇ ತಂಡಕ್ಕೆ ಸೇರಿದಳು. ಅವಳದು ತಲೆ ಹಿಡಿಯುವ ಕೆಲಸ. ಕತ್ತು ಕೂದಲೆಳೆಯಷ್ಟೂ ವಾಲದಂತೆ ಹಿಡಿದು, "ಎತ್ತಿ" ಅನ್ನಬೇಕಾದವಳು ಅವಳೇ. ಅವಳು ಹೇಳುವ ತನಕ ಮಿಕ್ಕವರು ಕೈ ಅಲ್ಲಾಡಿಸುವಂತಿಲ್ಲ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಅವಳು ಬಂದ ಮೇಲಂತೂ ತಂಡದ ಕೆಲಸ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬೇರೆ ಟ್ರ್ಯಾಕಿನವರೂ ನೋಡಲು ಬರುತ್ತಿದ್ದರು.

ಹೀಗಿರುವಾಗ ಟ್ರ್ಯಾಕಿಗೆ ಹೊಸ ಡಾಕ್ಟರಮ್ಮ ಬಂದರು. ಅಭ್ಯಾಸದಲ್ಲಿ ಎಷ್ಟು ಬೇಗ ಹೊರತೆಗೆದರು ಎಂದು ಎಲ್ಲರೂ ಗಡಿಯಾರ ನೋಡುತ್ತಿದ್ದರೆ ಈಕೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಪೇಷಂಟಿನ ಪಾದ ನೋಡುತ್ತಿದ್ದರು.

"ಯಜಮಾನ್ರೇ, ಪ್ರಜ್ಞೆ ತಪ್ಪಿದವರು ಹಿಮ್ಮಡಿ ಊರ್ತಾರಾ?"

ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ನಗು ಹಾಗೇ ಕರಗಿತು. ಹೌದು, ಮಗಳು "ಎತ್ತಿ" ಅಂದ ಕೂಡಲೇ ಅವನ ಹಿಮ್ಮಡಿ ಕಾರಿನ ನೆಲ ಒತ್ತುತ್ತಿತ್ತು, ಸೊಂಟ ತಾನಾಗಿ ಏಳುತ್ತಿತ್ತು, ಕತ್ತು ಬಿಗಿಯಾಗುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಮಗಳ ಮುಖ ಕೆಂಪೇರಿ, ತೋಳು ನಡುಗುವುದನ್ನು ನೋಡಿಯೂ ಮೂಟೆಯ ಹಾಗೆ ಬಿದ್ದಿರುವುದು ಹೆತ್ತವರ ಕೈಲಾಗುವ ಮಾತಲ್ಲ.

ಡಾಕ್ಟರಮ್ಮ ಅವನ ಕಾಲನ್ನು ತಾವೇ ಮೇಲೆತ್ತಿ ಹಿಡಿದು, ಈಗ ಎತ್ತಿ ಎಂದರು. ಎತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಮಗಳ ಕೈಯಿಂದ ತಲೆ ಜಾರಿ ಪಕ್ಕಕ್ಕೆ ವಾಲಿತು.

"ಅಂದ್ರೆ ಇಷ್ಟು ದಿನ ನಾನು ಎತ್ತಿದ್ದೇ ಇಲ್ಲ, ಅಲ್ವಾ ಅಪ್ಪ?" ಎಂದಳು ಮಗಳು.

ರೇಸ್ ಹತ್ತಿರ ಬಂದಿತ್ತು. ಅಷ್ಟರಲ್ಲಿ ಸಡಿಲ ಬಿದ್ದ ಕತ್ತನ್ನು ಹಿಡಿಯಲು ಕಲಿಯದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತೇನೆ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಸರಿಯಾದ ಮಾತೇ. ಆದರೆ ಕಲಿಯಲು ಸಡಿಲ ಬಿದ್ದ ಪೇಷಂಟ್ ಬೇಕಲ್ಲ! ನಮ್ಮ ಮಹಾನಟನಿಗೆ ಸುಮ್ಮನೆ ಬಿದ್ದಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಕಾಲು ಕಟ್ಟಿದರೆ ತೊಡೆ ಒತ್ತುತ್ತಿದ್ದ, ತೊಡೆ ಕಟ್ಟಿದರೆ ಬೆನ್ನು ಸೆಟೆಸುತ್ತಿದ್ದ. ತಂಡದ ಬೇರೆಯವರನ್ನು ಕೂರಿಸಿದರೆ ಅವರೂ ಅಷ್ಟೇ, "ಎತ್ತಿ" ಅಂದೊಡನೆ ಅಭ್ಯಾಸಬಲದಿಂದ ಬಿಗಿಯುತ್ತಿದ್ದರು.

ಮನೆಯಲ್ಲಿ ಅಪ್ಪ ಮಗಳು ಇಬ್ಬರೂ ಮುಖ ಗಂಟು ಹಾಕಿಕೊಂಡು ಕೂತರು. ಹೆಂಡತಿ ಪೂರ್ತಿ ಕತೆ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ಇವ್ರಿಗೆ ಮೈ ಬಿಡೋಕೆ ಬರಲ್ವಾ? ಊಟ ಆದ್ಮೇಲೆ ಸೋಫಾದಿಂದ ಮಂಚಕ್ಕೆ ಎಳೆದೂ ಎಳೆದೂ ನನ್ನ ಸೊಂಟ ಬಿದ್ದೋಗಿದೆ. ನಾಳೆ ಕ್ಯಾರಿಯರ್ ತಗೊಂಡು ನಾನೇ ಬರ್ತೀನಿ."

ಬಂದಳು. ಗ್ಯಾರೇಜಿನ ಮೂಲೆಯಲ್ಲಿ ಗಂಡನನ್ನು ಕೂರಿಸಿ, ಸಾಕು ಅಂದರೂ ಬಿಡದೆ ಕಂಠಪೂರ್ತಿ ಬಡಿಸಿ, ಹೆಲ್ಮೆಟ್ ತೊಡಿಸಿ ಕಾರಿಗೆ ಹತ್ತಿಸಿದಳು. ತಾನೇ ಹೊಲಿದ ಸೀಟು, ಮೆತ್ತಗೆ ಒರಗಿದ. ಸ್ವಲ್ಪ ಹೊತ್ತಿಗೆ ಹೆಲ್ಮೆಟ್ ಒಳಗಿಂದ ಗೊರಕೆ ಶುರುವಾಯಿತು. ತಂಡದವರು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಎತ್ತಲು ಹೋದಾಗ ನಗು ನಿಂತಿತು. ಅಬ್ಬಾ, ಏನು ಭಾರ!

ಮೊದಲ ಸಲ ಆಗಲಿಲ್ಲ, ಎರಡನೆಯ ಸಲವೂ ಆಗಲಿಲ್ಲ. ಕಾರಿಗೆ ಬೆಂಕಿ ಹತ್ತಿಲ್ಲದ ಮೇಲೆ ಅವಸರ ಯಾಕೆ ಎಂದು ಡಾಕ್ಟರಮ್ಮ ಗಡಿಯಾರ ಕಸಿದು ಜೇಬಿಗೆ ಹಾಕಿಕೊಂಡರು. ಮಗಳು ನಿಧಾನಕ್ಕೆ ದಾರಿ ಕಂಡುಕೊಂಡಳು: ಬರೀ ಅಂಗೈ ಸಾಲದು, ಮುಂಗೈಗಳನ್ನು ಹೆಲ್ಮೆಟ್ಟಿನ ಎರಡೂ ಬದಿಗೆ ಒತ್ತಾಗಿ ಕೊಟ್ಟು, ಹಿಡಿತ ಭದ್ರವಾಯಿತು ಅನ್ನಿಸುವ ತನಕ "ಎತ್ತಿ" ಅನ್ನಬಾರದು. ರೇಸಿನವರೆಗೆ ಪ್ರತಿ ಮಧ್ಯಾಹ್ನ ಇದೇ ನಡೆಯಿತು. ಪೇಷಂಟ್ ಎತ್ತಿ ಮಲಗಿಸಿದ ಹಲಗೆಯ ಮೇಲೆ ಎಚ್ಚರಾಗಿ "ಆಯ್ತಾ?" ಎಂದು ಕೇಳುತ್ತಿದ್ದ. ಅತ್ತ ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದು ಗಿರಾಕಿಗಳು ಬೈಯುತ್ತಿದ್ದರು. ಕೊನೆಗೆ ತಲೆ ಹಿಡಿಯುವ ಜಾಗ ಮಗಳಿಗೇ ಉಳಿಯಿತು.

ರೇಸಿನ ದಿನ ಒಂದು ಕಾರು ತಿರುವಿನಲ್ಲಿ ಹಿಡಿತ ತಪ್ಪಿ ಟೈರಿನ ಗೋಡೆಗೆ ನುಗ್ಗಿತು. ಒಳಗಿದ್ದವನು ಅಲ್ಲಾಡಲಿಲ್ಲ. ತಂಡ ಓಡಿತು. ಪೇಷಂಟ್ ಬೇಲಿಯ ಹಿಂದೆ ನಿಂತಿದ್ದ. ಹಳೆಯ ಆ ನಗುಮುಖ ಕಣ್ಣ ಮುಂದೆಯೇ ಇತ್ತು. ಮಗಳು ತಲೆ ಹಿಡಿದು ಬಗ್ಗಿದಳು. ಎಷ್ಟು ಹೊತ್ತಾದರೂ ಬಾಯಿ ತೆರೆಯಲಿಲ್ಲ. ಸುತ್ತಲಿನವರು ಬೇಗ, ಬೇಗ ಎಂದು ಕೂಗುತ್ತಿದ್ದರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕಡೆಗೆ ಅವಳ ತುಟಿ ಅಲುಗಿತು, ಬೇಲಿಯ ಈಚೆ ಅಪ್ಪನ ಹಿಮ್ಮಡಿ ನೆಲವನ್ನು ಒತ್ತಿತು. ಇಲ್ಲಿ ಅದರಿಂದ ಏನು ಉಪಯೋಗ? ಆದರೂ ಒತ್ತಿದ. ಆ ತಲೆ ಒಂದಿಷ್ಟೂ ವಾಲದೆ ಹಲಗೆಗೆ ಬಂತು.

ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು: ಎಚ್ಚರಾಗಿದೆ, ಕೈಕಾಲು ಆಡಿಸುತ್ತಿದ್ದಾನೆ, ಕಾರು ಏನಾಯಿತು ಎಂದು ಎಲ್ಲರ ತಲೆ ತಿನ್ನುತ್ತಿದ್ದಾನೆ. ಮಗಳು ಗ್ಯಾರೇಜಿಗೆ ಬಂದು ಅಪ್ಪನ ಪಕ್ಕ ನೆಲದ ಮೇಲೆ ಕುಸಿದು ಕೂತಳು. ತೋಳು ಇನ್ನೂ ನಡುಗುತ್ತಿತ್ತು.

"ಅಪ್ಪ, ಆ ಮನುಷ್ಯ ಒಂಚೂರೂ ಸಹಾಯ ಮಾಡ್ಲಿಲ್ಲ."

ಅಪ್ಪ ಅವಳ ತೋಳು ತಿಕ್ಕುತ್ತ, ತುಂಬಾ ಭಾರ ಇದ್ದನೇ ಎಂದು ಕೇಳಿದ.

"ನಿನ್ನಷ್ಟಿಲ್ಲ ಬಿಡಪ್ಪ," ಎಂದಳು.