ಝೊಹರಾಳ ಮನೆಯ ಉಪ್ಪು ಚಹಾ

ಆಗ ನನಗೆ ಅರುವತ್ತೊಂದು. ಈಗಕ್ಕೆ ಐದು ವರ್ಷವಾಯಿತು. ಕೊಟ್ಟಾರದ ಹತ್ತಿರ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸಭಾಭವನದಲ್ಲಿ ಅಡಿಗೆಯವಳಾಗಿದ್ದೆ. ಚಂಡಮಾರುತ ಹೋದ ಮೇಲೆ ಇಗರ್ಜಿಯ ಸ್ವಯಂಸೇವಕರು ಬೈಕಂಪಾಡಿ ಕಡಲಬದಿಯ ಕೇರಿಗೆ ಹೊರಟರು. ಯಾರ ಮನೆಗೆ ಎಷ್ಟು ಹಾನಿ ಎಂದು ನೋಡಿ, ಗಂಜಿ ಬಡಿಸಿ ಬರುವುದು. ಗಂಜಿ ನನ್ನ ಪಾಲಿಗೆ. ಗುಂಪಿನ ಮುಖಂಡರು ಸಿರಿಲ್ ಮಾಸ್ಟ್ರು. ವ್ಯಾನಿನಲ್ಲೇ ನಿಯಮ ಹೇಳಿದರು: "ಅಲ್ಲಿಯವರಿಂದ ಒಂದು ಲೋಟ ನೀರು ಕೂಡ ತಗೊಳ್ಳಬಾರದು. ಅವರಿಗೇ ಇಲ್ಲ." ಸರಿಯಾದ ಮಾತೇ. ನಾನೂ ತಲೆಯಾಡಿಸಿದೆ.

ಕೇರಿಯಲ್ಲಿ ಇಳಿದರೆ ಸದ್ದೇ ಇಲ್ಲ. ರಸ್ತೆಯ ಮೇಲೆಲ್ಲ ಮರಳು. ನಮ್ಮ ಹೆಜ್ಜೆ ನಮಗೇ ಕೇಳಿಸುತ್ತಿರಲಿಲ್ಲ. ಅರ್ಧ ಬಿದ್ದ ಮನೆಗಳೊಳಗೆ ಹಾಸಿಗೆ ಹಾಸಿದ ಹಾಗೇ ಇತ್ತು, ಉಳಿದ ಗೋಡೆಯಲ್ಲಿ ಗಡಿಯಾರ ನಡೆಯುತ್ತಿತ್ತು. ತೆಂಗಿನ ಬುಡದ ಹೊಂಡದಲ್ಲಿ ಸಣ್ಣ ಮೀನುಗಳು ಸುತ್ತುತ್ತಿದ್ದವು. ನೀರಿನಂಚಿನಲ್ಲಿ ಯಾರದೋ ಕಪಾಟು ಒಂಟಿಯಾಗಿ ನಿಂತಿತ್ತು. ಗಾಳಿಗೆ ಅದರ ಬಾಗಿಲು ತೆರೆದು ಮುಚ್ಚುತ್ತಿತ್ತು. ಬಾಗಿಲ ಕನ್ನಡಿಯಲ್ಲಿ ಒಮ್ಮೆ ಕಡಲು, ಒಮ್ಮೆ ನಾವು. ಇಷ್ಟೆಲ್ಲ ಮಾಡಿದ ಕಡಲು ಹಾಲು ಕುಡಿದ ಮಗುವಿನಂತೆ ಮಲಗಿತ್ತು. ನಮ್ಮವರೂ ನಿದ್ದೆಯಲ್ಲಿದ್ದವರ ಹಾಗೆ ಮೆಲ್ಲ ಮಾತಾಡುತ್ತಿದ್ದರು.

ಕೊನೆಯದು ಝೊಹರಾ ಎಂಬವಳ ಮನೆ. ಮುಂದಿನ ಗೋಡೆ ಇರಲಿಲ್ಲ. ಗಂಡ ಗಾಳಿ ಏಳುವ ಮೊದಲೇ ಮೀನಿಗೆ ಹೋದವನು. ದೋಣಿಯ ಸುದ್ದಿಯೇ ಇಲ್ಲ. ಅವನ ತಾಯಿ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಝೊಹರಾ ತಟ್ಟೆಯಲ್ಲಿ ಚಹಾದ ಲೋಟಗಳನ್ನು ತಂದಳು. ಸಿರಿಲ್ ಮಾಸ್ಟ್ರು ಕೈಮುಗಿದು ಬೇಡ ಎಂದರು. ಹಿಂದಿದ್ದವರೂ ಒಬ್ಬೊಬ್ಬರಾಗಿ ಬೇಡ ಎಂದರು.

ನಮ್ಮ ಕಡೆ ಯಾವ ಜಾತಿಯವರೇ ಆಗಲಿ, ಹೊರಗಿನವರು ಚಹಾ ಮುಟ್ಟದೆ ಹೋಗುವುದು ಹೆಣ ಇರುವ ಮನೆಯಿಂದ ಮಾತ್ರ.

ಮುದುಕಿ ಎದ್ದು ನಿಂತು ಸೊಸೆಗೆ ಬ್ಯಾರಿ ಮಾತಿನಲ್ಲಿ ಹೇಳಿದಳು: "ಇವರಿಗೆ ಎಂತದೋ ಸುದ್ದಿ ಸಿಕ್ಕಿದೆ. ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ."

ಝೊಹರಾ ತಟ್ಟೆ ಕೆಳಗಿಡಲಿಲ್ಲ. ನನ್ನನ್ನೇ ನೋಡಿದಳು. "ಹೌದಾ ಬಾಯಮ್ಮ? ಎಂತ ಉಂಟು, ಹೇಳಿ."

ಎಂತದೂ ಇಲ್ಲ ಎಂದರೆ ನಂಬುವ ಮುಖ ಅಲ್ಲ ಅದು. ಲೋಟ ಎತ್ತಿ ಬಾಯಿಗಿಟ್ಟೆ. ಕಡಲು ಬಾವಿಗೆ ನುಗ್ಗಿತ್ತು. ಗಂಟಲು ಹಿಡಿಯುವಷ್ಟು ಉಪ್ಪು. ತಳದವರೆಗೆ ಕುಡಿದೆ.

"ಚಹಾಕ್ಕೆ ಉಪ್ಪು ಹಾಕುವುದು ಯಾವ ಊರಿನ ಕ್ರಮ ಮಾರಾಯ್ತಿ?"

"ಹಾಕಿದ್ದು ನಾನಲ್ಲ ಬಾಯಮ್ಮ, ಕಡಲು."

ಹೇಳಿ ಅವಳೇ ನಕ್ಕಳು. ಮುದುಕಿ ಪುನಃ ಚಾಪೆಯ ಮೇಲೆ ಕೂತಳು.

"ಮಾಸ್ಟ್ರೇ, ತಣಿಯುತ್ತದೆ" ಎಂದೆ.

"ಹೊಟ್ಟೆ ಕೆಟ್ಟರೆ?" ಎಂದು ಅವರು ಕೊಂಕಣಿಯಲ್ಲಿ ಪಿಸುಗುಟ್ಟಿದರು.

"ನಾಳೆ ಗಂಜಿ ಕೊಡ್ತೇನೆ. ಈಗ ಕುಡಿಯಿರಿ."

ಎಲ್ಲರೂ ಕುಡಿದರು.

ಗಂಡ ಬಂದನಾ ಎಂದು ಕೇಳುವವರಿದ್ದಾರೆ. ಬಂದ, ವಾರ ಕಳೆದು, ಲಕ್ಷದ್ವೀಪದ ಕಡೆಯಿಂದ. ನಾವು ಚಹಾ ಕುಡಿದದ್ದಕ್ಕಲ್ಲ. ಕಡಲು ಅದನ್ನೆಲ್ಲ ನೋಡುವುದಿಲ್ಲ. ಆದರೆ ಅಲ್ಲಿಯವರೆಗೆ ಅದು ಗಂಡಸು ಬರಲಿಕ್ಕಿರುವ ಮನೆಯಾಗಿಯೇ ಉಳಿಯಿತು. ಅಷ್ಟು ವರ್ಷ ಬಡಿಸಿದವಳು ನಾನು. ಬಡಿಸಲು ಬಂದವರು ಕೊಟ್ಟದ್ದನ್ನು ಕುಡಿಯಲೂ ಬೇಕು ಎಂದು ಕಲಿತದ್ದು ಅಲ್ಲಿ.

ಅವನು ಬರುತ್ತಾನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಚಹಾ ಕುಡಿದ ಮರುದಿನ ಬೆಳಿಗ್ಗೆ ನಮ್ಮ ಬಾವಿಯಿಂದ ಒಂದು ಕ್ಯಾನ್ ಸಿಹಿನೀರು ತುಂಬಿಸಿ ಮೊದಲ ಬಸ್ಸು ಹತ್ತಿದೆ. ಝೊಹರಾ ಮರಳಿನಿಂದ ಬಿದ್ದ ಗೋಡೆಯ ಕಲ್ಲು ಆರಿಸುತ್ತಿದ್ದಳು.

"ಸುದ್ದಿ ಇಲ್ಲ" ಎಂದಳು.

ನಾನು ಕೇಳಿರಲಿಲ್ಲ. ಕ್ಯಾನ್ ಅವಳ ಎದುರು ಇಟ್ಟು, "ಚಹಾ ಮಾಡು" ಎಂದೆ.