ಎಕ್ಸ್-ರೇ ಮಾಮನ ಗಿಡ್ಡ ಲೆನ್ಸು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೇಳು ವರ್ಷದಿಂದ ಎಕ್ಸ್-ರೇ ತೆಗೆಯುತ್ತಿರುವ ಈ ಮನುಷ್ಯನಿಗೆ ಎಲ್ಲರೂ ಇಟ್ಟ ಹೆಸರು ಎಕ್ಸ್-ರೇ ಮಾಮ. ಊರಿನ ಅರ್ಧ ಜನರ ಪಕ್ಕೆಲುಬು ಅವನಿಗೆ ಗೊತ್ತು, ಮುಖ ಗೊತ್ತಿಲ್ಲ. ಎದೆಯ ಚಿತ್ರಕ್ಕೆ ನಿಲ್ಲುವವರು ಇವನಿಗೆ ಬೆನ್ನು ಹಾಕಿಯೇ ನಿಲ್ಲುತ್ತಾರೆ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ... ಹ್ಞಾ, ಬಿಡಿ." ದಿನಕ್ಕೆ ಅರವತ್ತು ಸಲ ಇಷ್ಟು ಹೇಳಿದರೆ ಅವನ ಮಾತು ಮುಗಿಯಿತು. ಮನೆಯಲ್ಲಿ ಅದೂ ಇಲ್ಲ. ಮದುವೆಗೆ ಮೀನಮೇಷ ಎಣಿಸುತ್ತಲೇ ತಲೆ ನೆರೆಯಿತು. ಜೊತೆಗಿದ್ದ ಅಮ್ಮ ಹೋದ ವರ್ಷ ತೀರಿಕೊಂಡಳು.

ಆಗ ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನದು. ದೊಡ್ಡದು ಮಾಡಿಸಿದಾಗ ಅಮ್ಮನ ಮುಖವೇ ಕಲಸಿಹೋಯಿತು. ಅವಳ ಎದೆಯ ಎಕ್ಸ್-ರೇ ಮಾತ್ರ ಸ್ಫುಟವಾಗಿತ್ತು, ಇವನೇ ತೆಗೆದದ್ದಲ್ಲವೇ! ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನು ಅತ್ತುಬಿಟ್ಟ. ಇನ್ನು ತನ್ನವಳು ಅಂತ ಉಳಿದಿದ್ದವಳು ಅಕ್ಕ ಒಬ್ಬಳೇ. ಅವಳ ಮುಖವನ್ನಾದರೂ ಸರಿಯಾಗಿ ಉಳಿಸಿಕೊಳ್ಳಬೇಕು ಎಂದು ಕ್ಯಾಮೆರಾ ಅಂಗಡಿಗೆ ಹೋದ. ಮೊಬೈಲಿನಲ್ಲೇ ತೆಗೆಯಬಹುದಿತ್ತಲ್ಲ ಎನ್ನಬೇಡಿ. ಅವನದು ಗುಂಡಿ ಒತ್ತುವ ಹಳೇ ಫೋನು, ಅದಕ್ಕೂ ಕರೆ ಬರುವುದು ಅಪರೂಪ.

ಅಂಗಡಿಯಾಕೆ ಕ್ಯಾಮೆರಾವನ್ನು ಬೇಗನೆ ಆರಿಸಿಕೊಟ್ಟಳು. "ಹೊಸಬರಿಗೆ ಇಷ್ಟು ಸಾಕು ಸಾರ್, ಕೈಗೂ ಹಗುರ." ತಕರಾರು ಬಂದದ್ದು ಲೆನ್ಸಿನಲ್ಲಿ. ಉದ್ದನೆಯ ಜೂಮ್ ಲೆನ್ಸು ಎದುರು ಬೀದಿಯ ದರ್ಜಿಯ ಬಾಯಲ್ಲಿದ್ದ ಗುಂಡುಪಿನ್ನನ್ನೂ ಕಣ್ಣಮುಂದೆ ತಂದು ನಿಲ್ಲಿಸಿತು. ಇನ್ನೊಂದು ಗಿಡ್ಡದು, ಜೂಮ್ ಇಲ್ಲ.

"ಇದ್ರಲ್ಲಿ ಮುಖ ತುಂಬಾ ಚೆನ್ನಾಗಿ ಬರತ್ತೆ. ಆದ್ರೆ ನೀವೇ ಹತ್ರ ಹೋಗ್ಬೇಕು."

ಅವನಿಗೆ ಆಗದ ಕೆಲಸವೇ ಅದು. ಅಮ್ಮ ಹೋದಮೇಲೆ ಅಕ್ಕನ ಮನೆಯ ಕಡೆ ತಲೆ ಹಾಕಿರಲಿಲ್ಲ. ಜಗಳವೇನಿಲ್ಲ, ಎದುರು ಕೂತರೆ ಏನು ಮಾತಾಡಬೇಕೋ ತೋಚದು, ಅಷ್ಟೇ. ಜೂಮ್ ಆದರೆ ಅವಳ ಮನೆ ಎದುರಿನ ಬಸ್ ನಿಲ್ದಾಣದಲ್ಲೇ ನಿಂತು, ಬಟ್ಟೆ ಒಣಹಾಕಲು ಬಂದಾಗ ತೆಗೆದುಕೊಂಡು, ಮುಂದಿನ ಬಸ್ಸಿಗೆ ವಾಪಸಾಗಬಹುದು. ಎಂಥಾ ಬುದ್ಧಿ ನೋಡಿ!

"ಎರಡರಲ್ಲೂ ನಂದೇ ಒಂದೊಂದು ತೆಗೆದು ನೋಡಿ ಸಾರ್," ಎಂದು ಅಂಗಡಿಯಾಕೆ ಮೊದಲು ಗಿಡ್ಡದನ್ನು ಹಾಕಿಕೊಟ್ಟಳು.

ಅವನು ಕಣ್ಣಿಗೆ ಹಿಡಿದದ್ದೇ ತಡ, ಬಾಯಿ ತಾನಾಗಿ ಹೇಳಿತು: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ."

ಪಾಪ, ಅವಳು ಹಿಡಿದಳು. ಚಿತ್ರದಲ್ಲಿ ಕೆನ್ನೆ ಉಬ್ಬಿ, ಕಣ್ಣು ಹೊರಗೆ ಬಂದಿತ್ತು.

"ಬಿಡಿ ಅನ್ನೋದನ್ನೇ ಮರೆತ್ರಲ್ಲ ಸಾರ್!" ಅವಳು ಉಸಿರು ಬಿಟ್ಟು ನಕ್ಕುಬಿಟ್ಟಳು. ಅವನ ಬೆರಳು ಮತ್ತೊಮ್ಮೆ ಒತ್ತಿತು. ಈ ಸಲ ಇಡೀ ಮುಖ ನಗುತ್ತಿತ್ತು. 'ಬಿಡಿ' ಎಂದ ಮೇಲೆ ಮನುಷ್ಯರ ಮುಖ ಏನಾಗುತ್ತದೆ ಎಂದು ಇಪ್ಪತ್ತೇಳು ವರ್ಷದಲ್ಲಿ ಅವನು ನೋಡಿರಲಿಲ್ಲ. ಜೂಮನ್ನು ಮತ್ತೆ ಮುಟ್ಟದೆ ಗಿಡ್ಡದನ್ನೇ ಕೊಂಡ.

ಅಂಗಡಿಯಿಂದ ನೇರ ಹೋಗಿ ಬಾಗಿಲು ತಟ್ಟಿದರೆ ಅಕ್ಕ ಗಾಬರಿಯಾದಳು. "ಏನೋ, ಹುಷಾರಾಗಿದ್ದೀಯ ತಾನೆ?"

"ನಿಂದೊಂದು ಫೋಟೋ ಬೇಕಾಗಿತ್ತಕ್ಕ."

"ಈ ಮುಖಕ್ಕೆ ಫೋಟೋ ಒಂದು ಕೇಡು," ಎಂದು ಬೈಯುತ್ತಲೇ ಅವಳು ಕೂದಲು ಸರಿಮಾಡಿಕೊಂಡು ಕಿಟಕಿಯ ಪಕ್ಕ ಕೂತಳು. ಅವನು ಹತ್ತಿರ ಹೋದ, ಇನ್ನೂ ಹತ್ತಿರ ಹೋದ. ಉಸಿರು ಹಿಡಿಸಿ, ಬಿಡಿಸಿ, ಆಮೇಲೆ ಒತ್ತಿದ. ಅಕ್ಕ ತನ್ನ ಚಿತ್ರವನ್ನು ತುಂಬ ಹೊತ್ತು ನೋಡಿದಳು.

"ನಿಂದು ಯಾರು ತೆಗೀತಾರೋ?"

ಅಕ್ಕ ಅವನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿದಳು. ಯಾರೂ ಹೇಳದಿದ್ದರೂ ಅವನು ಎದೆ ಸೆಟೆಸಿ, ಉಸಿರು ಬಿಗಿಹಿಡಿದು, ಗೋಡೆಯ ಕಡೆ ಮುಖ ತಿರುಗಿಸಿದ.

"ಈ ಕಡೆ ತಿರುಗೋ," ಎಂದಳು ಅಕ್ಕ. "ನಂಗೆ ನಿನ್ನ ಮುಖ ಬೇಕು."