ನಂಗೂ ಒಂದ್ಲೋಟ

ಎದುರುಮನೆ ಅಜ್ಜಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಆ ಸಂದಿಯಿಂದ ಮಾತಿನ ಜೊತೆಗೆ ಸಣ್ಣದೊಂದು ಸಿಳ್ಳೆಯೂ ಹೊರಡುತ್ತಿತ್ತು. ‘ಸಾಕು’ ಅನ್ನಬೇಕಾದರೆ ಮೊದಲು ಗಾಳಿ ಬಂದು ಆಮೇಲೆ ಮಾತು ಬರುತ್ತಿತ್ತು. ಬೈಯುವಾಗ ಸಿಳ್ಳೆ ಇನ್ನೂ ಜೋರು. ಬೀದಿಯ ಆ ತುದಿಯಲ್ಲಿ ಅವರು ಹಾಲಿನವನನ್ನು ತರಾಟೆಗೆ ತೆಗೆದುಕೊಂಡರೆ ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಗೊತ್ತಾಗುತ್ತಿತ್ತು, ಅಜ್ಜಿ ಬರುತ್ತಿದ್ದಾರೆ, ಇನ್ನು ಮಧ್ಯಾಹ್ನದವರೆಗೆ ನನಗೆ ಬಿಡುಗಡೆಯಿಲ್ಲ ಎಂದು.

ನಮ್ಮವರಿಗೆ ಕಡೂರಿನ ತಾಲ್ಲೂಕು ಕಚೇರಿಗೆ ವರ್ಗವಾಗಿ ನಾವು ಆ ಬೀದಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅಜ್ಜಿಯದು ತುಂಬಿದ ಮನೆ. ಯಗಟಿಯ ಹತ್ತಿರ ತೆಂಗಿನ ತೋಟ, ಮಗನಿಗೆ ಕೊಬ್ಬರಿ ವ್ಯಾಪಾರ, ಸೊಸೆ, ಮೊಮ್ಮಕ್ಕಳು. ಮಗಳನ್ನು ಅಜ್ಜಂಪುರಕ್ಕೆ ಕೊಟ್ಟಿದ್ದರು. ಸೊಸೆ ಜಾಣೆ. ಅತ್ತೆ ಬಾಯಿ ತೆಗೆದ ಕೂಡಲೇ ಆಕೆಗೆ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಜ್ಜಿ ಬೈಯುವುದಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಬಂದು ಹೊಸ್ತಿಲ ಮೇಲೆ ಕೂತು, ನಾನು ಒಗ್ಗರಣೆ ಹಾಕುವುದರಿಂದ ಹಿಡಿದು ನಮ್ಮವರು ಸೈಕಲ್ ನಿಲ್ಲಿಸುವವರೆಗೆ ಎಲ್ಲದಕ್ಕೂ ಒಂದೊಂದು ಕೊಂಕು ತೆಗೆಯುತ್ತಿದ್ದರು.

ನಮ್ಮ ಪುಟ್ಟಿಗೆ ಆಗ ಆರು ವರ್ಷ. ಅವಳಿಗೆ ಮಾತು ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಮಾತಾಡುತ್ತಿದ್ದಳು. ಆದರೆ ಅದರಲ್ಲಿ ಒಂದು ಮಾತೂ ಅವಳದಲ್ಲ. ಯಾರೋ ಎಂದೋ ಆಡಿದ್ದನ್ನು ಅದೇ ರಾಗದಲ್ಲಿ, ನಡುವೆ ಕೆಮ್ಮಿದ್ದರೆ ಕೆಮ್ಮಿನ ಸಮೇತ, ಒಪ್ಪಿಸುತ್ತಿದ್ದಳು. ನೀರಡಿಕೆಯಾದರೆ “ನೀರು ಬೇಕಾ ಪುಟ್ಟಿ?” ಎಂದು ನನ್ನನ್ನೇ ಕೇಳುತ್ತಿದ್ದಳು. ಈಗ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳಿವೆ. ಆಗ ಇದ್ದದ್ದು ಒಂದೇ, “ಆ ಹುಡುಗಿ ಒಂಥರಾ.”

ಇಂಥ ಮಗು ಇರುವ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಒಮ್ಮೆ ನಮ್ಮವರ ಅಕ್ಕ ತರೀಕೆರೆಯಿಂದ ಬಂದಿದ್ದರು. ಉಪಚಾರಕ್ಕೆ ಏನೂ ಕಮ್ಮಿ ಮಾಡಿರಲಿಲ್ಲ. ಅವರು ಕಾಫಿ ಲೋಟ ತುಟಿಗೆ ಇಟ್ಟಿದ್ದೇ ತಡ, ಮೂಲೆಯಲ್ಲಿ ಬೆನ್ನು ಹಾಕಿ ಕೂತಿದ್ದ ಪುಟ್ಟಿ ನನ್ನ ದನಿಯಲ್ಲೇ ಶುರು ಮಾಡಿದಳು. “ನಿಮ್ಮಕ್ಕ ಬಂದ್ರು ಅಂದ್ರೆ ಕಾಫಿಪುಡಿ ಡಬ್ಬ ಅಡಗಿಸಿಡಬೇಕು, ಅಯ್ಯೋ ಶಿವನೇ.” ಆ ಕೊನೆಯ ನಿಟ್ಟುಸಿರು ಕೂಡ ನನ್ನದೇ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊಸ್ತಿಲ ಮೇಲಿದ್ದ ಅಜ್ಜಿ ತಕ್ಷಣ, “ಅದು ನಾನಾಡಿದ್ ಮಾತು ಕಣ್ರಮ್ಮ. ನನ್ ಸೊಸೆ ಅಕ್ಕ ಬತ್ತಾಳಲ್ಲ, ಅವ್ಳಿಗೆ” ಎಂದು ನನ್ನನ್ನು ಉಳಿಸಲು ನೋಡಿದರು. ಇನ್ನೇನು ಉಳಿದೆ ಎನ್ನುವಷ್ಟರಲ್ಲಿ ಪುಟ್ಟಿ ನಮ್ಮವರ ದಪ್ಪ ದನಿ ತೆಗೆದಳು. “ಮೆಲ್ಲಗೆ ಮಾತಾಡೇ, ಕೇಳಿಸ್ಕೊಂಡಾಳು!”

ಅಕ್ಕ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು. ಹೋಗುವಾಗ ಹೊಸ್ತಿಲಲ್ಲಿ ನಿಂತು, “ಈ ಹುಡುಗೀನ ಹೊರಗೆ ಬಿಡಬೇಡ. ಬಾಗಿಲಿಗೆ ಮೇಲೊಂದು ಚಿಲಕ ಹಾಕ್ಸು. ಎಲ್ಲಾದ್ರೂ ಹೋದ್ರೆ ತಾನ್ಯಾರು ಅಂತ ಹೇಳಕ್ಕೂ ಬರಲ್ಲ” ಎಂದರು. ಕೋಪದಲ್ಲಿ ಆಡಿದ್ದರೂ ಮಾತು ನಿಜವಾಗಿತ್ತು. ನನ್ನ ಎದೆಯೊಳಗೆ ಹಗಲೂ ರಾತ್ರಿ ಕೂತಿದ್ದ ಭಯ ಅದೇ. ಚಿಲಕ ಹಾಕಿಸಿದೆವು. ಅಜ್ಜಿಗೆ ಮಾತ್ರ ಆ ಚಿಲಕ ಕಂಡರೆ ಮೈಯುರಿ. “ದನಾನೂ ಬೆಳಗಾದ್ರೆ ಬಿಚ್ಚಿ ಬಿಡ್ತಾರೆ ಕಣೇ,” ಎನ್ನುತ್ತಿದ್ದರು.

ದೊಡ್ಡಾಸ್ಪತ್ರೆಗೂ ಹೋಗಿಬಂದೆವು. ಅಲ್ಲಿನ ಡಾಕ್ಟರು, “ನಿನ್ನ ಹೆಸರೇನಮ್ಮ?” ಎಂದರು. “ನಿನ್ನ ಹೆಸರೇನಮ್ಮ?” ಎಂದಳು ಪುಟ್ಟಿ. “ನಾಲಿಗೆ ತೋರಿಸು.” “ನಾಲಿಗೆ ತೋರಿಸು.” ಅವರ ಮುಖ ಕೆಂಪಾಯಿತು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, “ಹೀಗೇ ಇರ್ತಾಳಮ್ಮ. ಏನೂ ಮಾಡಕ್ಕಾಗಲ್ಲ. ನೆಕ್ಸ್ಟ್!” ಎಂದು ಮುಗಿಸಿಬಿಟ್ಟರು.

ಮನೆಗೆ ಬಂದು ಒಲೆ ಹಚ್ಚದೆ ಗೋಡೆಗೊರಗಿ ಅಳುತ್ತಾ ಕೂತೆ. ಅಜ್ಜಿ ಬಂದವರು ಏನಾಯಿತೆಂದು ಕೂಡ ಕೇಳಲಿಲ್ಲ. “ಅತ್ತಿದ್ದ್ ಸಾಕು, ಎದ್ದು ಕಾಫಿಗಿಡೇ. ನಂಗೂ ಒಂದ್ಲೋಟ” ಎಂದರು. ಅವರು ಯಾರನ್ನೇ ಸಮಾಧಾನ ಮಾಡಿದರೂ ಇಷ್ಟೇ. ಬೆನ್ನು ಸವರುವುದಿಲ್ಲ, ದೇವರಿದ್ದಾನೆ ಎನ್ನುವುದಿಲ್ಲ. ಮನೆಯಲ್ಲಿ ಹೆಣ ಬಿದ್ದಿದ್ದರೂ ಈ ಮುದುಕಿಗೆ ಕಾಫಿ ಬೇಕು ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಬೈದುಕೊಂಡೇ ಎದ್ದು ನೀರಿಟ್ಟೆ.

ಮಾರನೆಯ ದಿನದಿಂದ ಪುಟ್ಟಿಯ ಬಾಯಿಗೆ ಡಾಕ್ಟರು ಬಂದು ಕೂತರು. ಸೊಪ್ಪಿನವಳು ಬುಟ್ಟಿ ಇಳಿಸಿದರೆ, “ಏನೂ ಮಾಡಕ್ಕಾಗಲ್ಲ.” ನಮ್ಮವರು ಕನ್ನಡಿಯ ಮುಂದೆ ನಿಂತು ಉದುರಿಹೋದ ಕೂದಲನ್ನು ಇದ್ದಲ್ಲಿಂದ ಇಲ್ಲದಲ್ಲಿಗೆ ಬಾಚುತ್ತಿದ್ದರೆ, “ಹೀಗೇ ಇರ್ತಾಳಮ್ಮ. ಏನೂ ಮಾಡಕ್ಕಾಗಲ್ಲ. ನೆಕ್ಸ್ಟ್!” ಅಜ್ಜಿ ಅದನ್ನು ಕೇಳಿ ಕಂಬ ಹಿಡಿದುಕೊಂಡು ನಕ್ಕರು. ಸಿಳ್ಳೆ, ಕೆಮ್ಮು, ಕಣ್ಣೀರು ಎಲ್ಲ ಒಟ್ಟಿಗೆ. “ಡಾಕ್ಟ್ರು ನಿಮ್ಮನೇಗೇ ಬಂದವ್ರಲ್ಲೇ!” ಎಂದರು. ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದೆ. ಆಮೇಲೆ ನಮ್ಮವರ ಮುಖ ನೋಡಿದೆ. ಬಾಚಣಿಗೆ ತಲೆಯ ಮೇಲೇ ನಿಂತಿತ್ತು. ನನಗೂ ನಗು ತಡೆಯಲಾಗಲಿಲ್ಲ. ಪುಟ್ಟಿಯ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು. ನಕ್ಕರೆ ಪಾಪ ಬರುತ್ತದೆಂದು ಅಲ್ಲಿಯತನಕ ನಂಬಿದ್ದೆ.

ನಮ್ಮವರು ದಿನಾ ಸಂಜೆ ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು ಅವಳ ಹೆಸರು, ತಂದೆ ಹೆಸರು, ಬೀದಿ, ಊರು ಕಲಿಸುತ್ತಿದ್ದರು. ಹೇಳಿಕೊಟ್ಟಾಗ ಒಪ್ಪಿಸುತ್ತಿದ್ದಳು. ಆದರೆ “ಯಾರಮ್ಮ ನೀನು?” ಎಂದು ಕೇಳಿದರೆ ಮಾತ್ರ “ಯಾರಮ್ಮ ನೀನು?” ಎಂದೇ ಉತ್ತರ. ನಮ್ಮವರು ತಲೆ ಚಚ್ಚಿಕೊಳ್ಳುತ್ತಿದ್ದರು. ಅಜ್ಜಿಯೂ ಒಂದು ಕೈ ನೋಡಿದರು. ಮೂರನೇ ದಿನಕ್ಕೆ, “ಇವ್ಳಿಗೆ ಪಾಠ ಹತ್ತಲ್ಲ. ಊರು ಕೇರಿ ತಿರುಗಿದ್ರೆ ತಾನೇ ಹಿಡ್ಕೋತಾಳೆ. ನಂಜೊತೆ ಕಳ್ಸು” ಎಂದರು.

ಅಜ್ಜಿ ಪ್ರತಿ ಗುರುವಾರ ಗೋಣಿಚೀಲದ ತುಂಬ ತೆಂಗಿನಕಾಯಿ ತುಂಬಿಕೊಂಡು ಅಜ್ಜಂಪುರದ ಮಗಳ ಮನೆಗೆ ಹೋಗಿ ಸಂಜೆಗೆ ಬರುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಅವರದೇ. ಚೀಲ ಕಾಲಬುಡದಲ್ಲೇ ಇರಬೇಕು. ಕಂಡಕ್ಟರು ಚೀಲವನ್ನು ಬಸ್ಸಿನ ಟಾಪಿಗೆ ಹಾಕಿ ಎನ್ನಬೇಕು, ಇವರು ಜಗಳ ತೆಗೆಯಬೇಕು, ಬೀರೂರು ಬರುವವರೆಗೆ ಬಸ್ಸಿನವರಿಗೆಲ್ಲ ಪುಕ್ಕಟೆ ನಾಟಕ. ಅಳುಕುತ್ತಲೇ ಕಳಿಸಿದೆ. ಪುಟ್ಟಿಗೆ ಆ ಪ್ರಯಾಣ ಪ್ರಾಣ. ಕಿಟಕಿಯ ಸರಳು ಹಿಡಿದು ತುಟಿ ಪಿಟಕ್ ಎನ್ನದೆ ಕೂರುತ್ತಿದ್ದಳಂತೆ. ತುಟಿ ಬಿಚ್ಚುತ್ತಿದ್ದದ್ದು ಮನೆಗೆ ಬಂದಮೇಲೆ. ಎರಡು ವರ್ಷ ಹಾಗೂ ಹೀಗೂ ಸಹಿಸಿದೆ. ಒಂದು ದಿನ ನಮ್ಮವರ ಸಾಹೇಬರು ಮನೆಗೆ ಬಂದು ಚೀಲ ಕೆಳಗಿಡುತ್ತಿರುವಾಗ, ಪುಟ್ಟಿ ಅಜ್ಜಿಯ ಸಿಳ್ಳೆಯ ಸಮೇತ ಅವರ ಮೂರು ತಲೆಮಾರನ್ನು ಜಾಲಾಡಿಬಿಟ್ಟಳು. ಎಲ್ಲ ಹಲ್ಲೂ ನೆಟ್ಟಗಿದ್ದ ಹುಡುಗಿಯ ಬಾಯಿಂದ ಆ ಸಿಳ್ಳೆ ಹೇಗೆ ಬರುತ್ತಿತ್ತೋ ಆ ದೇವರೇ ಬಲ್ಲ.

“ಇನ್ನು ನೀವು ಇವಳನ್ನ ಬಸ್ಸಿಗೆ ಕರ್ಕೊಂಡು ಹೋಗೋದು ಬೇಡ ಅಜ್ಜಿ,” ಎಂದು ಅವತ್ತೇ ಹೇಳಿದೆ. “ಹೆಸರು ಊರು ಕಲಿಸ್ತೀನಿ ಅಂದವರು ಬೈಗುಳ ಕಲಿಸಿದೀರಿ.”

“ಬೈಗುಳಾನಾದ್ರೂ ಕಲ್ತಾಳಲ್ಲೇ. ನೀವ್ ಗಂಡಹೆಂಡ್ತಿ ಕಲ್ಸಿದ್ದೇನು?” ಎಂದು ಸೆರಗು ಕೊಡವಿ ಹೋದರು. ಹದಿನೈದು ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮನೆ ತಣ್ಣಗಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಬಿಕೋ ಎನ್ನುತ್ತಿತ್ತು.

ಅದಾದಮೇಲೆ ಒಂದು ಗುರುವಾರ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸಿ ಬರುವಷ್ಟರಲ್ಲಿ ಪುಟ್ಟಿ ಇಲ್ಲ. ಚಿಲಕದ ಕೆಳಗೆ ಮಣೆ ಹಾಕಿಕೊಂಡು ಹತ್ತಿ ತೆಗೆದಿದ್ದಳು. ಎದುರುಮನೆಗೆ ಓಡಿದೆ. ಅಜ್ಜಿ ಆ ವಾರ ಅಜ್ಜಂಪುರ ಬಿಟ್ಟು ಕಾಯಿ ಕೀಳಿಸಲು ಯಗಟಿಗೆ ಹೋಗಿದ್ದರು. ಜಗುಲಿಯ ಮೇಲಿದ್ದ ಅವರ ಖಾಲಿ ಗೋಣಿಚೀಲ ಕಾಣುತ್ತಿಲ್ಲ ಎಂದಳು ಸೊಸೆ. ಗುರುವಾರ ಎನ್ನುವುದು ಪುಟ್ಟಿಗೆ ಹೇಗೆ ತಿಳಿಯಿತೋ. ಬಸ್ ಸ್ಟ್ಯಾಂಡಿಗೆ ಓಡಿದರೆ ಅಜ್ಜಂಪುರದ ಬಸ್ಸು ಇನ್ನೂ ಅಲ್ಲೇ ನಿಂತಿತ್ತು, ಅದರಲ್ಲಿ ಅವಳಿರಲಿಲ್ಲ. ಕಚೇರಿಯ ಜವಾನರು ಸೈಕಲ್ ಹತ್ತಿ ಕೆರೆ ಏರಿ, ರೈಲ್ವೆ ಸ್ಟೇಷನ್ನು ಎಲ್ಲ ಹುಡುಕಿದರು. ನಾನು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತೆ. ಯಾವುದೋ ಊರಿನಲ್ಲಿ ಯಾರೋ “ಯಾರಮ್ಮ ನೀನು?” ಎನ್ನುತ್ತಾರೆ, ಇವಳು “ಯಾರಮ್ಮ ನೀನು?” ಎನ್ನುತ್ತಾಳೆ, ಅವರು ನಕ್ಕು ಮುಂದೆ ಹೋಗುತ್ತಾರೆ. ನನ್ನ ಕಣ್ಣಮುಂದೆ ಬೇರೇನೂ ಬರುತ್ತಿರಲಿಲ್ಲ.

ಸಂಜೆ ಯಗಟಿ ಬಸ್ಸಿನಿಂದ ಅಜ್ಜಿ ಇಳಿದರು. ವಿಷಯ ಕೇಳಿ ನನ್ನ ಪಕ್ಕ ನಿಂತುಕೊಂಡರು. ದೀಪ ಹಚ್ಚುವ ಹೊತ್ತಿಗೆ ತರೀಕೆರೆ ಕಡೆಯ ಬಸ್ಸು ಬಂತು. ಅದರ ಕಂಡಕ್ಟರು, ತರೀಕೆರೆಯ ಒಬ್ಬ ಸಾಬರು, ಪುಟ್ಟಿಯ ಕೈ ಹಿಡಿದುಕೊಂಡೇ ಇಳಿದರು. ಅವಳ ಕಂಕುಳಲ್ಲಿ ಗೋಣಿಚೀಲ. ಸೀಟು ಖಾಲಿ ಕಂಡ ಬಸ್ಸು ಹತ್ತಿ ಕೂತುಬಿಟ್ಟಿದ್ದಳು.

“ತರೀಕೆರೇಲಿ ಎಲ್ಲಾ ಇಳುದ್ರು, ಈ ಮಗು ಇಳೀಲಿಲ್ಲ,” ಎಂದು ಸಾಬರು ಶುರು ಮಾಡಿದರು. “ಯಾರ ಮಗು ನೀನು ಅಂದೆ. ಯಾರ ಮಗು ನೀನು ಅಂತ ನನ್ನೇ ಕೇಳ್ತು. ಊರ್ಯಾವ್ದು ಅಂದ್ರೆ ಊರ್ಯಾವ್ದು ಅಂತು. ಸರಿ, ಪೊಲೀಸ್ ಸ್ಟೇಷನ್ನಿಗೆ ಬಿಡಣ ಅಂತ ಚೀಲಕ್ಕೆ ಕೈ ಹಾಕ್ದೆ ನೋಡಿ. ‘ಚೀಲ ಮುಟ್ಟಿದ್ರೆ ಸುಮ್ಕಿರಲ್ಲ! ಟಾಪ್ ಮೇಲೆ ನೀನೇ ಹೋಗಿ ಕೂತ್ಕೊಳಪ್ಪಾ ಕಂಡಕ್ಟ್ರೇ!’ ಅಂತು. ಸಿಳ್ಳೆ ಸಮೇತ! ನಾನು ಮೊದ್ಲು ಅಜ್ಜಂಪುರದ ಬಸ್ಸಲ್ಲಿದ್ದೆ ಕಣಮ್ಮ. ಎಷ್ಟ್ ವರ್ಷ ಬೈಸ್ಕೊಂಡಿದೀನಿ. ಅಜ್ಜಿ ಎಲ್ಲವ್ರೆ ಅಂತ ಸೀಟಿನ ಕೆಳಗೂ ಬಗ್ಗಿ ನೋಡ್ದೆ. ಆಮೇಲೆ ಗೊತ್ತಾಯ್ತು, ಇದು ಕಡೂರಿನ ಕೂಸು ಅಂತ.”

ಅಜ್ಜಿ ಮುಂದೆ ಬಂದು, “ಚೀಲಾನ ಟಾಪಿಗೆ ಹಾಕಿದ್ಯೇನೋ?” ಎಂದರು.

“ಇಲ್ಲಮ್ಮ ತಾಯಿ, ಮಡಿಲಲ್ಲೇ ಇತ್ತು,” ಎಂದು ಸಾಬರು ಕೈ ಮುಗಿದರು.

ಅಜ್ಜಿ ಇನ್ನೇನೋ ಬೈಯಲು ಬಾಯಿ ತೆರೆದರು. ಬರೀ ಗಾಳಿ ಬಂತು, ಮಾತು ಬರಲಿಲ್ಲ. ಹಾಗೇ ನೆಲದ ಮೇಲೆ ಕುಸಿದು ಪುಟ್ಟಿಯ ಎರಡೂ ಪಾದ ಹಿಡಿದುಕೊಂಡರು. ‘ನಾನು ಹೇಳಲಿಲ್ವಾ’ ಎಂದು ಅವರು ನನ್ನನ್ನು ಚುಚ್ಚಲಿಲ್ಲ, ಅವತ್ತು ಮಾತ್ರ. ಮಾರನೆಯ ದಿನದಿಂದ ಸಾಯುವವರೆಗೂ ಅದನ್ನೇ ಹೇಳಿದರು.

ಮುಂದಿನ ಗುರುವಾರ ನಾನೇ ಪುಟ್ಟಿಗೆ ಜಡೆ ಹಾಕಿ ಅವರ ಜೊತೆ ಕಳಿಸಿದೆ. ಮೇಲಿನ ಚಿಲಕವನ್ನು ನಮ್ಮವರು ಬಿಚ್ಚಿಹಾಕಿದರು. ಕೆಲವು ವರ್ಷಗಳಲ್ಲಿ ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಯ ಬಸ್ ಸ್ಟ್ಯಾಂಡುಗಳಲ್ಲಿ ಪುಟ್ಟಿಯನ್ನು ತಿಳಿಯದವರೇ ಇರಲಿಲ್ಲ. ಹೊಸ ಕಂಡಕ್ಟರು ಬಂದರೆ ಹಳಬರು ಬೇಕೆಂದೇ ಅವಳ ಚೀಲ ಮುಟ್ಟಲು ಹೇಳಿ, ಬೈಸಿ, ಪರಿಚಯ ಮಾಡಿಕೊಡುತ್ತಿದ್ದರು. ತಾನ್ಯಾರೆಂದು ಹೇಳಲಾರದ ನನ್ನ ಮಗಳ ಗುರುತು ಊರಿಗೆಲ್ಲ ಸಿಕ್ಕಿದ್ದು ಹೀಗೆ. ನನಗೆ ನಾಚಿಕೆಯೋ ನೆಮ್ಮದಿಯೋ ಗೊತ್ತಾಗುತ್ತಿರಲಿಲ್ಲ. ಎರಡೂ ಇತ್ತು.

ಎಂಬತ್ತರ ದಶಕದ ನಡುವೆ ಒಂದು ಚಳಿಗಾಲ ಅಜ್ಜಿ ಹಾಸಿಗೆ ಹಿಡಿದರು. ಸಿಳ್ಳೆ ಸಣ್ಣದಾಗುತ್ತಾ ಬಂತು. ಒಂದು ಬೆಳಗ್ಗೆ ಏಳಲಿಲ್ಲ. ಅವರ ಪದ್ಧತಿಯಂತೆ ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಗೋಡೆಗೊರಗಿಸಿ ಕೂರಿಸಿದ್ದರು. ಪುಟ್ಟಿಯನ್ನು ಕರೆದುಕೊಂಡು ಹೋಗಲು ನನಗೆ ಹೆದರಿಕೆ. ಅಷ್ಟು ಜನರ ನಡುವೆ ಅಜ್ಜಿಯದೇ ದನಿಯಲ್ಲಿ ಏನು ಆಡಿಬಿಡುತ್ತಾಳೋ! ಅಜ್ಜಂಪುರದ ಮಗಳು, “ಅವ್ಳಿಲ್ದೆ ನಮ್ಮವ್ವನ್ನ ಕಳ್ಸಲ್ಲ” ಎಂದು ಹಟ ಹಿಡಿದರು. ಬಾಯಿ ಮುಚ್ಚಲು ಕೈ ಸಿದ್ಧ ಮಾಡಿಕೊಂಡೇ ಪಕ್ಕದಲ್ಲಿ ನಿಂತೆ. ಪುಟ್ಟಿ ಅಜ್ಜಿಯ ಬಾಯಿಯನ್ನೇ ತುಂಬ ಹೊತ್ತು ನೋಡಿದಳು. ಏನೂ ಅನ್ನಲಿಲ್ಲ.

ಆಮೇಲೂ ಏನೂ ಅನ್ನಲಿಲ್ಲ. ಹಗಲಿಡೀ ವಟಗುಟ್ಟುತ್ತಿದ್ದ ಹುಡುಗಿ ನನ್ನ ದನಿ, ಅಪ್ಪನ ದನಿ, ಡಾಕ್ಟರ ದನಿ ಯಾವುದನ್ನೂ ತೆಗೆಯದೆ ದಿನಗಟ್ಟಲೆ ಸುಮ್ಮನಿದ್ದಳು. ಒಂದು ಕಾಲಕ್ಕೆ ಇವಳು ಒಂದು ಗಳಿಗೆ ಬಾಯಿ ಮುಚ್ಚಿದರೆ ಸಾಕಪ್ಪಾ ಎಂದು ಬೇಡಿಕೊಂಡವಳು ನಾನು. ಈಗ ಬೈಯೇ, ಏನಾದರೂ ಬೈಯೇ ಎಂದು ಗೋಣಿಚೀಲ ತಂದು ಅವಳ ಮುಂದೆ ಎಳೆದಾಡಿದೆ. ಉಹೂಂ.

ಒಂದು ಸಂಜೆ ಎದುರುಮನೆಯ ಜಗುಲಿ ಖಾಲಿ ಕಂಡಿತು. ಅಷ್ಟೇ ಆದದ್ದು. ಅಡಿಗೆಮನೆಗೆ ಬಂದು ಗೋಡೆಗೊರಗಿ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಎಷ್ಟು ಹೊತ್ತು ಅತ್ತೆನೋ. ಹೊಸ್ತಿಲ ಕಡೆಯಿಂದ ಮೊದಲು ಗಾಳಿ ಬಂತು, ಆಮೇಲೆ ಮಾತು ಬಂತು.

“ಅತ್ತಿದ್ದ್ ಸಾಕು, ಎದ್ದು ಕಾಫಿಗಿಡೇ. ನಂಗೂ ಒಂದ್ಲೋಟ.”

ತಿರುಗಿ ನೋಡಿದರೆ ಪುಟ್ಟಿ ಹೊಸ್ತಿಲ ಮೇಲೆ, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ, ಕೂತಿದ್ದಳು. ಸತ್ತಮೇಲೂ ಈ ಮುದುಕಿ ನನ್ನನ್ನು ಕೂತು ಅಳಲು ಬಿಡುವುದಿಲ್ಲವಲ್ಲ ಎಂದು ಬೈದುಕೊಂಡೇ ಎದ್ದೆ. ಪುಟ್ಟಿ ಕಾಫಿ ಕುಡಿಯುವುದಿಲ್ಲ. ಆದರೂ ಎರಡು ಲೋಟಕ್ಕಾಗುವಷ್ಟು ನೀರಿಟ್ಟೆ.